ವಿಗ್ರಹ ಹಿಡಿಯುವ ದೊಡ್ಡತಾತ

ಮಕ್ಕಳೇ, ಆಗಿನ ಜಯನಗರದಲ್ಲಿ ಹಾವು ಹಿಡಿಯುವವರು ಬೇಕಾದಷ್ಟು ಜನ ಇದ್ದರು. ವಿಗ್ರಹ ಹಿಡಿಯುವವರು ಮಾತ್ರ ಒಬ್ಬರೇ. ಅವರು ನಿಮ್ಮ ತಾತನ ಅಣ್ಣ, ನನಗೆ ಭಾವ. ದೇವಸ್ಥಾನಗಳ ಗೊಡವೆಗೆ ಅವರು ಹೋದವರಲ್ಲ. ಅವರ ಬೇಟೆಯೆಲ್ಲ ನಮ್ಮಂಥ ಕ್ರೈಸ್ತರ ಮನೆಗಳಲ್ಲೇ! ದೇವರಿಗಿಂತ ಹೆಚ್ಚಾಗಿ ಯಾವುದನ್ನು ಓಲೈಸಿದರೂ ಅವರ ಲೆಕ್ಕದಲ್ಲಿ ಅದು ವಿಗ್ರಹ.

ನಾವು ಹೊಸದಾಗಿ ರೇಡಿಯೋ ತಂದಿದ್ದೆವು. ನಾನೇ ಹೊದಿಕೆ ಹೆಣೆದು, ಎತ್ತರದ ಸ್ಟ್ಯಾಂಡಿನ ಮೇಲೆ ಕೂರಿಸಿದ್ದೆ. ಭಾವ ಚಪ್ಪಲಿ ಬಿಡುವ ಮೊದಲೇ ಅದನ್ನು ಕಂಡರು.

"ಏನಮ್ಮಾ ಇದು? ಪೀಠ ಇದೆ, ವಸ್ತ್ರ ಇದೆ, ಸಾಯಂಕಾಲ ಆದ್ರೆ ಎಲ್ಲಾರೂ ಮುಂದೆ ಕೂತ್ಕೋತೀರ. ಊದಿನಕಡ್ಡಿ ಒಂದು ಬಾಕಿ!"

"ವಾರ್ತೆ ಕೇಳೋಕೆ, ಭಾವ," ಎಂದೆ ಮೆಲ್ಲಗೆ.

"ಹಳೇ ಕಾಲದ ವಿಗ್ರಹ ಮಾತಾಡ್ತಿರಲಿಲ್ಲ. ಇದು ಮಾತಾಡುತ್ತೆ. ಇನ್ನೂ ಅಪಾಯ!"

ಹೀಗೆಂದವರು ಕ್ರಿಕೆಟ್ ಕಾಮೆಂಟರಿ ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಅಪಾಯ ಎಷ್ಟಿದೆ ಎಂದು ಪರೀಕ್ಷಿಸುತ್ತಿದ್ದರಂತೆ!

ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ಸ್ಕೂಟರ್ ಕೊಂಡಿದ್ದರು. ಭಾನುವಾರ ಚರ್ಚಿನ ಗಂಟೆ ಹೊಡೆದರೂ ಅವರು ಹೊರಗೇ ನಿಂತು ಅದನ್ನು ಒರೆಸುತ್ತಿದ್ದರು. ಭಾವ ಎಲ್ಲರಿಗೂ ಕೇಳುವಂತೆ ಕೂಗಿದರು: "ಸ್ವಾಮಿ, ಅಭಿಷೇಕ ಮುಗೀತಾ? ಒಳಗೂ ಒಬ್ಬರು ಕಾಯ್ತಾ ಇದಾರೆ!" ಆ ಹಿರಿಯರ ಹೆಂಡತಿ ಮಾತು ಬಿಟ್ಟದ್ದು ನನ್ನ ಜೊತೆ. ಇದೆಂಥ ನ್ಯಾಯ?

ಇನ್ನು ಭಾವನ ಬೈಬಲ್ಲು, ಅವರ ಆ ಸತ್ಯವೇದ! ತೊಗಲಿನ ರಟ್ಟು, ಚಿನ್ನದ ಬಣ್ಣದ ಅಂಚು, ಸುತ್ತ ಕೆಂಪು ಮಖಮಲ್ಲು. ಬೇರೆಯವರು ಮುಟ್ಟಬೇಕಾದರೆ ಸೋಪು ಹಚ್ಚಿ ಕೈ ತೊಳೆಯಬೇಕು. ಮಳೆ ಬಂದರೆ ಕೊಡೆ ಅದಕ್ಕೆ, ನೆನೆಯುವುದು ಭಾವ.

ಒಂದು ದಿನ ನಿಮ್ಮ ತಾತ ನಗುತ್ತಾ ಕೇಳಿಯೇಬಿಟ್ಟರು: "ಅಣ್ಣ, ಊರವರದ್ದೆಲ್ಲ ಹಿಡಿದೆ. ನಿನ್ನ ಕಂಕುಳಲ್ಲಿರೋದು ಯಾವುದು?"

ಭಾವ ಅರ್ಧ ಕುಡಿದ ಕಾಫಿ ಕೆಳಗಿಟ್ಟು ಎದ್ದು ಹೋದರು. ಆ ಮಾತು ಸುಳ್ಳಾಗಿದ್ದರೆ ಅಷ್ಟು ಕೋಪ ಬರುತ್ತಿತ್ತೆ? ಆಮೇಲೆ ನಮ್ಮ ಮನೆ ಬಂದರೆ ರಸ್ತೆಯ ಆಚೆ ಬದಿಗೆ ದಾಟಿ ನಡೆಯುತ್ತಿದ್ದರು. ನಿಮ್ಮ ತಾತನಿಗೋ ಉಬ್ಬಸ. ಗೇಟು ಸದ್ದಾದಾಗಲೆಲ್ಲ, "ಅಣ್ಣ ಬಂದ್ನಾ?" ಎನ್ನುತ್ತಿದ್ದರು. ಬರುತ್ತಿದ್ದವನು ಹಾಲಿನವನು.

ಒಂದು ಭಾನುವಾರ ಬೆಳಿಗ್ಗೆ ಉಬ್ಬಸ ಕೆರಳಿತು. ಮಲಗಲಾರರು, ಕೂರಲಾರರು. ಪಕ್ಕದ ಮನೆಯವರು ಡಾಕ್ಟರನ್ನು ಕರೆತರಲು ಓಡಿದರು. ನಾನು ಗೇಟಿಗೆ ಬಂದರೆ, ಆಚೆ ಬದಿಯಲ್ಲಿ ಭಾವ ಚರ್ಚಿಗೆ ಹೊರಟಿದ್ದಾರೆ. ಎಂದೂ ದನಿ ಎತ್ತದ ನಾನು "ಭಾವಾ!" ಎಂದು ಕಿರುಚಿದೆ.

ಓಡಿ ಬಂದರು. ನಿಮ್ಮ ತಾತ ಮುಂದಕ್ಕೆ ಬಾಗಿ ಒದ್ದಾಡುತ್ತಿದ್ದರು. ತೊಡೆಯ ಮೇಲಿನ ದಿಂಬು ಕುಸಿಯುತ್ತಿತ್ತು. ಭಾವ ಮಖಮಲ್ಲನ್ನು ಕಿತ್ತೆಳೆದು, ಆ ದಪ್ಪ ಸತ್ಯವೇದವನ್ನು ದಿಂಬಿನ ಅಡಿಗೆ ತುರುಕಿದರು. "ಇದರ ಮೇಲೆ ಕೈ ಊರೋ, ಭಾರ ಬಿಡು." ಅದೇ ಮಖಮಲ್ಲಿನಿಂದ ತಮ್ಮನ ಬಾಯಿಯ ಕಫ ಒರೆಸಿದರು.

ಆ ಸ್ಥಿತಿಯಲ್ಲೂ ನಿಮ್ಮ ತಾತ, "ಅಣ್ಣ... ನಾನು... ಕೈ ತೊಳೆದಿಲ್ಲ," ಎಂದರು.

"ಮಾತಾಡ್ಬೇಡ ಕಣೋ, ಉಸಿರಾಡು!" ಎಂದರು ಭಾವ, ಅಳುತ್ತಾ.

ಡಾಕ್ಟರು ಬಂದು ಸೂಜಿ ಚುಚ್ಚಿದ ಮೇಲೆ ಉಸಿರು ಹದಕ್ಕೆ ಬಂತು. ಚರ್ಚು ಅಷ್ಟರಲ್ಲಿ ಮುಗಿದಿತ್ತು. ಮಖಮಲ್ಲು ಒಗೆದು ಕೊಡುತ್ತೇನೆಂದೆ.

"ಬೇಡಮ್ಮ, ಇಲ್ಲೇ ಇರ್ಲಿ, ಇವನ ಬಾಯಿ ಒರೆಸೋಕೆ," ಎಂದರು. ಆಮೇಲೆ ನೆಲ ನೋಡುತ್ತಾ ಕೇಳಿದರು: "ಅವತ್ತು ಅರ್ಧ ಕಾಫಿ ಬಿಟ್ಟು ಹೋಗಿದ್ದೆ. ಇನ್ನರ್ಧ ಕೊಡ್ತೀಯಾ?"