ಹುಳ ಕಡಿದರೆ ನನ್ನ ಹತ್ತಿರ ಬನ್ನಿ

ಹೊಸೂರಿನ ಆಲಸನತ್ತಂನ ನಮ್ಮ ಬೀದಿಯಲ್ಲಿ ಯಾರಿಗೆ ಏನು ಕಚ್ಚಿದರೂ ಮೊದಲು ನನ್ನ ಹೊಲಿಗೆ ಅಂಗಡಿಗೇ ಓಡಿಬರುತ್ತಿದ್ದರು. ಬಂದವರು ಹೇಗೆ ವಾಪಸ್ಸು ಹೋಗುತ್ತಿದ್ದರು ಅನ್ನುವುದು ಬೇರೆ ಮಾತು. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬಟ್ಟೆ ಸುತ್ತಿಕೊಂಡು ಬಂದ ಹಳೆಯ ಪತ್ರಿಕೆಗಳನ್ನು ಕೂಡಿಸಿ ಕೂಡಿಸಿ ಓದಿ ಅಕ್ಷರ ಕಲಿತೆ. ಅದರಲ್ಲಿನ ಮನೆಮದ್ದು ಓದಿ ಡಾಕ್ಟರೂ ಆಗಿಬಿಟ್ಟೆ. ಹೊಸೂರಿನಲ್ಲಿ ದಿನಕ್ಕೊಂದು ಕ್ಲಿನಿಕ್ಕು ಏಳುತ್ತಿದ್ದ ಆ ಕಾಲದಲ್ಲೂ ಬೀದಿಯಲ್ಲಿ ನನ್ನ ಹೆಸರು ಕೆಡಬಾರದು ಅನ್ನುವುದು ನನ್ನ ಹಟ.

೧. ಸುಣ್ಣ

ಎದುರುಮನೆಯಾತ ಫ್ಯಾಕ್ಟರಿ ಶಿಫ್ಟಿಗೆ ಹೊರಟಾಗ ಜೇನುಹುಳ ಕೈಗೆ ಕಚ್ಚಿತು. ಎಲೆಅಡಿಕೆ ಡಬ್ಬಿಯ ಸುಣ್ಣವನ್ನು ಧಾರಾಳವಾಗಿ ಮೆತ್ತಿದೆ.

"ಉರೀತದೆ ಅಕ್ಕಾ!"

"ಉರಿದ್ರೇನೇ ವಿಷ ಹೋಗೋದು, ಸುಮ್ನಿರಪ್ಪ."

ಮಾರನೆಯ ದಿನ ಬೊಬ್ಬೆ ಎದ್ದ ಕೈ ಹಿಡಿದುಕೊಂಡು ಬಂದ. "ಜೇನು ಕಚ್ಚಿದ್ದು ನಿನ್ನೇನೇ ವಾಸಿಯಾಗೋಯ್ತು. ನೀವು ಕಚ್ಚಿದ್ದಕ್ಕೆ ಏನಾದ್ರೂ ಇದ್ರೆ ಕೊಡಿ ಅಕ್ಕಾ."

೨. ಬೆಲ್ಲ

ತಪ್ಪು ನನ್ನದಲ್ಲ, ಸುಣ್ಣದ್ದು. ಬೆಲ್ಲ ಬೆರೆಸಬೇಕಿತ್ತು ಅಂದುಕೊಂಡೆ. ನನ್ನ ಕಾಲಿಗೇ ಏನೋ ಕಚ್ಚಿದಾಗ ಬೆಲ್ಲವನ್ನೇ ಹೆಚ್ಚಾಗಿ ಕಲಸಿ ಹಚ್ಚಿಕೊಂಡು, ಊಟವಾದ ಮೇಲೆ ಅಂಗಡಿಯಲ್ಲೇ ಚಾಪೆ ಹಾಸಿ ಒರಗಿದೆ. ಎದ್ದರೆ ಗೋಡೆಯಿಂದ ಕಾಲಿನವರೆಗೂ ಇರುವೆ ಸಾಲು! ನಾನು ಕುಣಿಯುವುದನ್ನು ನೋಡಿ ನಮ್ಮ ಯಜಮಾನರು, "ಒಂದು ಹುಳಕ್ಕೆ ಮದ್ದು ಹಾಕೋಕೋಗಿ ಊರ ಹುಳಕ್ಕೆಲ್ಲ ಊಟ ಹಾಕ್ಬುಟ್ಯಲ್ಲೇ!" ಅಂದರು.

೩. ಹಲ್ಲು

ಬಾಗಿಲ ಮೇಲಿನ ಕಡಜದ ಗೂಡನ್ನು ಪೊರಕೆಯಿಂದ ತಟ್ಟಿದೆ. ಒಂದು ಕಡಜ ನೇರವಾಗಿ ಕೆನ್ನೆಗೇ ಕುಟುಕಿತು. ಗೊತ್ತಿದ್ದ ಮದ್ದೆಲ್ಲ ಹಚ್ಚಿದರೂ ಕೆನ್ನೆ ಬನ್ನಿನ ಹಾಗೆ ಊದಿತು. ಬೀದಿಯ ಡಾಕ್ಟರಿಗೇ ಹುಳ ಕಡಿದು ವಾಸಿಯಾಗಲಿಲ್ಲ ಅಂದರೆ ಮರ್ಯಾದೆ ಉಳಿಯುತ್ತದೆಯೇ? ಪಕ್ಕದ ಮನೆಯಾಕೆ ವಿಚಾರಿಸಿದಾಗ "ಹಲ್ಲುನೋವು" ಅಂದುಬಿಟ್ಟೆ. ಅವಳು ಬಿಡುವವಳೇ? ಆಟೋ ಹತ್ತಿಸಿ ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

"ಎಂದ ಪಲ್ಲು?" ಯಾವ ಹಲ್ಲು ಅಂತ ಡಾಕ್ಟರು ತಮಿಳಿನಲ್ಲಿ ಕೇಳಿದರು. ಯಾವುದೋ ಒಂದನ್ನು ತೋರಿಸಿದೆ. ಕುಟ್ಟಿ ನೋಡಿ, ಕನ್ನಡಕ್ಕೆ ತಿರುಗಿ, "ಎಲ್ಲಾ ಕಲ್ಲಿನಂಗೆ ಅವೆಯಲ್ಲಮ್ಮಾ" ಅಂದರು.

ಪಕ್ಕದ ಮನೆಯಾಕೆಗೆ ರೇಗಿತು. "ನಮ್ಮಕ್ಕ ಸುಳ್ಳು ಹೇಳೋರಲ್ಲ ಸಾರ್. ಆಟೋ ಮಾಡ್ಕೊಂಡು ಬಂದಿದೀವಿ, ಯಾವುದಾದ್ರೂ ಒಂದು ಕಿತ್ತೇ ಬುಡಿ!"

ಡಾಕ್ಟರ ಕೈ ಇಕ್ಕಳದ ತಟ್ಟೆಯತ್ತ ಹೋಯಿತು.

"ಕಡಜ! ಕಡಜ ಕಚ್ಚಿದ್ದು ಕಣೇ!" ಎಂದು ಕಿರುಚಿದೆ.

ಡಾಕ್ಟರು ಹಣೆ ಚಚ್ಚಿಕೊಂಡರು. "ಮುಖ ಇಷ್ಟು ಊದೋವರ್ಗೂ ಬುಟ್ಟಿದೀರಲ್ಲ, ನಿಮ್ಮ ಬೀದೀಲಿ ಮದ್ದು ಗೊತ್ತಿರೋರು ಒಬ್ಬರೂ ಇಲ್ವಾ?"

ಪಕ್ಕದ ಮನೆಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇದ್ರು ಸಾರ್," ಅಂದಳು, "ಈಗ ತಾನೇ ಹೋದ್ರು."