ನಿಮ್ ಗ್ರೌಂಡ್ ಎಲ್ಲೈತೆ?

ತಮಗೆ ಬಾರದ ವಿದ್ಯೆಯಲ್ಲಿ ಇನ್ನೊಬ್ಬರನ್ನು ಪರೀಕ್ಷೆ ಮಾಡುವ ಧೈರ್ಯ ಇಬ್ಬರಿಗೆ ಮಾತ್ರ ಇರುತ್ತದೆ: ಹೆಣ್ಣು ನೋಡಲು ಬಂದು ಹಾಡು ಹೇಳಿಸುವ ಬೀಗರಿಗೆ, ಕಂಪನಿ ಮಾಲೀಕರಿಗೆ. ನಾನು ಎರಡನೆಯವರ ಪೈಕಿ. ಮದ್ದೂರಿನಲ್ಲಿ ನನ್ನದೂ ಭಾವಮೈದ ಸಿದ್ದೇಗೌಡನದೂ ಒಂದು ಸಣ್ಣ ಕಂಪನಿ. ಕಬ್ಬಿನ ಗದ್ದೆಯ ಮಣ್ಣಿನಲ್ಲಿ ಎಷ್ಟು ತೇವವಿದೆ ಎಂದು ಹೇಳುವ ಸೆನ್ಸರ್ ಮಾಡುತ್ತೇವೆ. ಹೇಳುತ್ತದೆ, ಆದರೆ ಸುಳ್ಳು ಹೇಳುತ್ತದೆ. ನಾಲೆ ನೀರು ನಿಂತ ಗದ್ದೆಯಲ್ಲೂ ಅದಕ್ಕೆ ಮರಳುಗಾಡೇ ಕಂಡಿತು. ಕೊಂಡವರೆಲ್ಲ ವಾಪಸ್ ತಂದಿಟ್ಟರು.

"ಭಾವ, ಚಿಪ್ಪು ಮಾಡೋರ್ನೇ ಕರ್ಸು. ಇಲ್ದಿದ್ರೆ ಬಾಗ್ಲಾಕ್ಕೊಂಡ್ ಓಗದೇಯ" ಎಂದ ಸಿದ್ದೇಗೌಡ.

ಅನುಭವಸ್ಥ ಅನಲಾಗ್ ಚಿಪ್ ಡಿಸೈನ್ ಎಂಜಿನಿಯರ್ ಬೇಕೆಂದು ಜಾಹೀರಾತು ಕೊಟ್ಟೆವು. ಬಂದವರು ಮಳವಳ್ಳಿಯ ಸವಿತಾ. ಉಗುರಿಗಿಂತ ಚಿಕ್ಕ ಚಿಪ್ಪಿನೊಳಗೆ ಕರೆಂಟಿಗೆ ದಾರಿ ಹಾಕುತ್ತಲೇ ಕೂದಲು ಅರ್ಧ ಬೆಳ್ಳಗಾಗಿತ್ತು. ನಾನು ಬಾಯಿಪಾಠ ಮಾಡಿಟ್ಟಿದ್ದ ಪ್ರಶ್ನೆ ಕೇಳಿದೆ. ಉತ್ತರ ಬಂತು. ಸರಿಯೋ ತಪ್ಪೋ ತಿಳಿಯದೆ ಗಂಭೀರವಾಗಿ ತಲೆಯಾಡಿಸಿದೆ.

ಆಮೇಲೆ ಅವರೇ ಕೇಳಿದರು, "ನಿಮ್ ಗ್ರೌಂಡ್ ಎಲ್ಲೈತೆ ಸಾರ್?"

ನಮ್ಮ ಕಡೆ ಸಂಬಂಧ ಬೆಳೆಸುವ ಮೊದಲು ಜಮೀನು ವಿಚಾರಿಸುವುದು ಪದ್ಧತಿ. "ಕೊತ್ತತ್ತಿ ತಾವ ಕಣಮ್ಮ, ನಾಲೆ ಪಕ್ಕದಲ್ಲೇ. ಒಳ್ಳೇ ಗದ್ದೆ" ಎಂದೆ ಹೆಮ್ಮೆಯಿಂದ.

ಸಿದ್ದೇಗೌಡ ನನ್ನ ಕಾಲು ತುಳಿದ. "ಅವ್ರು ಕೇಳ್ತಿರೋದು ಅರ್ತ್ ವೈರು ಕಣ್ ಭಾವ!"

ಸವಿತಾ ನಗು ನುಂಗಿಕೊಂಡು, ಮೇಜಿನ ಮೇಲೆ ಸೆನ್ಸರಿಟ್ಟು ಅದರ ಅಂಕಿಗಳ ಕುಣಿತ ನೋಡುತ್ತ ಕೂತರು. "ಅಣ್ಣಾ, ವಸಿ ಇಂದಕ್ಕೋಗಿ" ಎಂದರು. ಹೋದೆ. ಕುಣಿತ ತಗ್ಗಿತು. "ಬಾಗ್ಲಿಂದಾಚೆ ನಿಂತ್ಕಳಿ." ನಿಂತೆ. ಅಂಕಿ ಅಲುಗಾಡದೆ ನಿಂತಿತು. ಒಳಗೆ ಬಂದೆ, ಮತ್ತೆ ಕುಣಿಯಿತು. ಗೋಡೆಯ ವೈರಿನ ಕರೆಂಟನ್ನು ನನ್ನ ಮೈಯೇ ಹಿಡಿದು ಸೆನ್ಸರಿಗೆ ದಾಟಿಸುತ್ತಿತ್ತಂತೆ. ಗದ್ದೆಯಲ್ಲಿ ಪಂಪ್‌ಸೆಟ್ಟಿನ ವೈರು ಮಾಡುವುದೂ ಅದನ್ನೇ. ಮಣ್ಣು ಆಡುವ ಮಾತು ಅಷ್ಟು ಸಣ್ಣದು, ಪಕ್ಕದಲ್ಲಿ ಮನುಷ್ಯ ನಿಂತರೂ ಮುಚ್ಚಿಹೋಗುತ್ತದೆ. ಅಂಥದ್ದನ್ನು ಹೆಕ್ಕಿ ತೆಗೆಯುವುದೇ ಈಕೆಯ ಕೆಲಸ ಎಂದು ತಿಳಿದಾಗ ನನಗೆ ಮೈ ಜುಮ್ಮೆಂದಿತು. ಇಷ್ಟು ದಿನ ಸೆನ್ಸರ್ ಮಾರಿದ್ದೇನೆಯೇ ಹೊರತು ಅದರೊಳಗೆ ಇಂಥ ಲೋಕವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಕೈ ಮುಗಿಯಬೇಕೆನಿಸಿತು. ಕೈ ಎತ್ತಿದೆ, ಅಂಕಿ ನೆಗೆಯಿತು.

"ಮಾಡ್ಬೌದು ಅಣ್ಣಾ, ಸೇರ್ಕೋತೀನಿ. ಒಸ ಚಿಪ್ಪು ಬರೋಕೆ ವರ್ಸ ಇಡೀತದೆ" ಎಂದರು. "ಅಲ್ಲೀಗಂಟ ನೀವು ಒಳಕ್ಕೆ ಬರ್ಬಾರ್ದು, ಅಷ್ಟೇಯ."

ನಾನು ಬಾಯಿ ತೆರೆಯುವಷ್ಟರಲ್ಲಿ ಸಿದ್ದೇಗೌಡ ಒಪ್ಪಿಕೊಂಡುಬಿಟ್ಟಿದ್ದ. ಕಂಪನಿಯೇನೋ ಉಳಿಯಿತು. ಈಗ ನನ್ನ ಮೇಜು ಹೊರಗೆ ಜಗಲಿಯ ಮೇಲಿದೆ. ಬಂದವರು ನನ್ನನ್ನೇ ಕೇಳುತ್ತಾರೆ, "ಮಾಲೀಕ್ರು ಒಳಗವ್ರಾ?"

"ಅವ್ರೆ, ಚಪ್ಲಿ ಬುಟ್ಟು ಓಗಿ" ಎನ್ನುತ್ತೇನೆ.