ಗಿರಣಿ ಓಣಿಯ ಹೂಂ

ಮೆಲ್ಲಗೆ ಮಾತಾಡುವ ಹೆಣ್ಣುಮಕ್ಕಳಿಗೆ ಒಳ್ಳೆಯ ಹೆಸರು ಸಿಗುತ್ತದೆ, ಕೇಳಿದ್ದು ಮಾತ್ರ ಸಿಗುವುದಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮನ್ನು ಹೆಚ್ಚಾಗಿ ತಿದ್ದಿದ್ದೇ ಈ ವಿಷಯದಲ್ಲಿ. ಕುರ್ಚಿ ಎಳೆದರೆ ಸದ್ದಾಗಬಾರದು, ಮಾತು ಎದುರಿಗಿದ್ದವರ ಕಿವಿ ದಾಟಬಾರದು, ಸೀನು ಬಂದರೂ ಕರವಸ್ತ್ರದೊಳಗೇ ಮುಗಿಸಬೇಕು. ಹಾಗೆ ಹದ ಮಾಡಿದ ದನಿಯನ್ನು ತೆಗೆದುಕೊಂಡು ನಾನು ಸೊಸೆಯಾಗಿ ಬಂದದ್ದು ಗದಗಿನ ಹಳೆಯ ಗಿರಣಿ ಓಣಿಗೆ. ಎಪ್ಪತ್ತರ ದಶಕದ ಮಾತು.

ಓಣಿಯ ಒಂದು ಬದಿಗೆಲ್ಲ ಅರಳೆ ಗಿರಣಿಗಳು. ಕಲ್ಲಿನ ಗೋಡೆ, ತಗಡಿನ ಮಾಡು, ಎತ್ತರದ ಚಿಮಣಿ. ಇನ್ನೊಂದು ಬದಿಗೆ ನಮ್ಮ ಮಾಳಿಗೆ ಮನೆಗಳು. ಸುಗ್ಗಿಯಲ್ಲಿ ಅಸುಂಡಿ, ನಾಗಾವಿ ಕಡೆಯಿಂದ ಹತ್ತಿಯ ಚಕ್ಕಡಿಗಳು ಬಂದು ನಿಂತವೆಂದರೆ ಬೀಜ ಬಿಡಿಸುವ ಯಂತ್ರಗಳು ದಿನವಿಡೀ ಗುಡುಗುತ್ತಿದ್ದವು. ತುಳಸಿ ಗಿಡದ ಮೇಲೆ, ಒಣಹಾಕಿದ ಸಂಡಿಗೆಯ ಮೇಲೆ, ಅತ್ತೆಯವರ ಹುಬ್ಬಿನ ಮೇಲೆ ಅರಳೆಯ ಎಳೆ ಬಂದು ಕೂಡುತ್ತಿತ್ತು. ಒಗ್ಗರಣೆ ಸಿಡಿದದ್ದು ಕಣ್ಣಿಗೆ ಕಾಣುತ್ತಿತ್ತೇ ಹೊರತು ಕಿವಿಗೆ ಕೇಳುತ್ತಿರಲಿಲ್ಲ.

ಆ ಸದ್ದಿನಲ್ಲಿ ಎಲ್ಲರೂ ಒದರಿಯೇ ಮಾತಾಡುತ್ತಿದ್ದರು. ಒದರಿದ್ದೂ ಕೇಳದಿದ್ದರೆ "ಹೂಂ" ಎನ್ನುತ್ತಿದ್ದರು. ಇನ್ನೊಮ್ಮೆ ಹೇಳಿಸಿ ಎದುರಿನವರ ಗಂಟಲು ಹರಿಸುವುದಕ್ಕಿಂತ ಹೂಂ ಅನ್ನುವುದೇ ಅಲ್ಲಿಯ ಮರ್ಯಾದೆ. ಇದು ನನಗೆ ಗೊತ್ತಿರಲಿಲ್ಲ. ಮುಂಡರಗಿಯ ತವರಿನಲ್ಲಿ ಬಸುರಿ ತಂಗಿಯ ಸೀಮಂತ, ನಮ್ಮ ಕಡೆ ಅನ್ನುವಂತೆ ಕುಬಸ, ಇತ್ತು. ಇರುವವಳು ಒಬ್ಬಳೇ ತಂಗಿ. ಅಕ್ಕನೇ ಬಂದು ಹಸಿರು ಬಳೆ ಇಡಿಸಬೇಕೆಂದು ಹಟ ಹಿಡಿದಿದ್ದಳು. ಊಟಕ್ಕೆ ಬಡಿಸುತ್ತ ನಮ್ಮ ಮನೆಯವರನ್ನು ಮೆಲ್ಲಗೆ ಕೇಳಿದೆ. "ಹೂಂ" ಅಂದರು. ಅತ್ತೆಯವರನ್ನು ಕೇಳಿದೆ. ಅವರೂ "ಹೂಂ" ಅಂದರು. ಇಷ್ಟು ಸುಲಭಕ್ಕೆ ಒಪ್ಪುವ ಮನೆತನ ಸಿಕ್ಕಿತಲ್ಲ ಎಂದು ಹಿಗ್ಗಿದೆ. ಕುಬಸದ ಹಿಂದಿನ ದಿನ ಬೆಳಿಗ್ಗೆ ಟ್ರಂಕು ಹಿಡಿದು ಪಡಸಾಲೆಗೆ ಬಂದರೆ, ಅಡತಿ ಅಂಗಡಿಗೆ ಹೊರಟಿದ್ದ ಇವರು ಟ್ರಂಕನ್ನೂ ನನ್ನನ್ನೂ ನೋಡಿ, "ಯಾರ್ ಬಂದಾರ?" ಎಂದು ಒದರಿದರು.

ನಾನು ಮೆಲ್ಲಗೆ ಕೊಟ್ಟ ಉತ್ತರವೂ ಕೇಳಿಸದೆ ಇವರು ಅಂಗಡಿಗೆ ಹೋದರು, ಬಸ್ಸು ತಪ್ಪಿತು. ಹಿತ್ತಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದೆ. ಪಕ್ಕದ ಮನೆಯಲ್ಲಿ ಗಾದಿ ಹೊಲಿಯುವ ಮಾಲನಬಿ ನಮ್ಮ ಗೋಡೆಯ ಮೇಲೆ ಕತ್ತು ಚಾಚಿ ಎಲ್ಲ ವಿಚಾರಿಸಿಕೊಂಡಳು.

"ಇಲ್ಲಿ ಬಾಯಿಲೆ ಮಾತಾಡಿದ್ರ ನಡಿಯಂಗಿಲ್ರಿ ಅಕ್ಕಾರ, ಹೊಟ್ಟಿಲೆ ಮಾತಾಡ್ರಿ. ನಮ್ಮ ಮನಿಯವರಿಗೆ ನಾ ಚಾ ಬೇಕೇನು ಅಂತ ಕೇಳಿದ್ರ ಸ್ಟೇಷನ್ನಿನ ಮಂದಿ ಬ್ಯಾಡ ಅಂತಾರ."

ಮಧ್ಯಾಹ್ನ ಇವರು ಊಟಕ್ಕೆ ಬಂದಾಗ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು, ಕುಬಸ ನಾಳೆಯೇ, ಸಂಜೆಯ ಬಸ್ಸಿಗೆ ಹೊರಡುತ್ತೇನೆ ಎಂದು ಒದರಿದೆ. ಈ ಸಲ ಕೇಳಿಸಿತು.

"ಅವ್ವ ಏನಂತಾಳೋ, ನಾಳಿ ನೋಡೂಣು ತಡಿ" ಅಂದರು.

ನಾಳೆ ನೋಡುವುದಕ್ಕೆ ಏನು ಉಳಿದಿರುತ್ತದೆ? ಮಾಲನಬಿ ಹೇಳಿದಂತೆ ಹೊಟ್ಟೆಯಿಂದ ಉಸಿರು ಎಳೆದುಕೊಂಡೆ. "ಇಷ್ಟ್ ದೊಡ್ಡವರಾಗೀರಿ, ಇನ್ನೂ..." ಅನ್ನುವವರೆಗೆ ಗಿರಣಿ ನಡೆದೇ ಇತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಯಂತ್ರಗಳೆಲ್ಲ ಒಮ್ಮೆಲೇ ನಿಂತವು. ನನ್ನ ಮಾತು ಮಾತ್ರ ನಿಲ್ಲಲಿಲ್ಲ.

"...ನಿಮ್ಮ ಅವ್ವಗ ಅಂಜತೀರೇನ್ರಿ?"

ಬೀದಿಯಲ್ಲಿ ಚಕ್ಕಡಿಯವನೊಬ್ಬ ನಕ್ಕದ್ದು ಕೇಳಿಸಿತು. ಇವರು ತಾಟಿನೊಳಗೆ ಮುಖ ಹಾಕಿ ರೊಟ್ಟಿ ಮುರಿದದ್ದೂ ಕೇಳಿಸಿತು. ಆಮೇಲೆ ಪಡಸಾಲೆಯಿಂದ ಅತ್ತೆಯವರ ದನಿ ಬಂತು. ಅವರ ದನಿ ಅಷ್ಟು ಮೆತ್ತಗಿದೆ ಎಂದು ನನಗೆ ತಿಳಿದದ್ದೇ ಅವತ್ತು.

"ಅಂಜತಾನವಾ, ಅಂಜತಾನ. ನೀ ಅಂಜಬ್ಯಾಡ. ಎಲ್ಲಿಗೆ ಹೊಂಟಿ, ಹೋಗಿ ಬಾ."

ಗೋಡೆಯಾಚೆಯಿಂದ ಮಾಲನಬಿ, "ಕಲತ್ರಿ ಅಕ್ಕಾರ" ಅಂದಳು.

ಸಂಜೆಯ ಬಸ್ಸಿಗೇ ಹೋದೆ. ಮರುದಿನ ತಂಗಿಗೆ ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂಡಿಸಿದ್ದರು. ನಾನು ಬಳೆ ಇಡಿಸಲು ಕುಳಿತು, ಕುಂಕುಮದ ಬಟ್ಟಲು ಎಲ್ಲಿ ಎಂದು ಅವ್ವನನ್ನು ಕೇಳಿದೆ. ನನ್ನ ಲೆಕ್ಕದಲ್ಲಿ ಮೆಲ್ಲಗೇ ಕೇಳಿದ್ದೆ. ಹಾಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿದರು. ಅವ್ವ ಒಳಗಿನಿಂದ ಓಡಿ ಬಂದು, "ಯಾರಿಗೇನಾತವಾ?" ಅಂದಳು. ತಂಗಿ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು, "ಅಕ್ಕಾ, ಸ್ವಲ್ಪ ಮೆಲ್ಲಕ. ಕೂಸು ಎದ್ದೀತು" ಅಂದಳು.

ನಾನು "ಹೂಂ" ಅಂದೆ. ಅದೂ ಹೊರಗಿನ ಕಟ್ಟೆಯವರೆಗೆ ಕೇಳಿಸಿತಂತೆ.